ದೇವಾಲಯದ ಮೆಟ್ಟಿಲಿನಿಂದ ಹಾಸ್ಟೆಲಿನ ಹೊಸ್ತಿಲಿಗೆ

ಪ್ರತಿ ವರ್ಷ ನವೆಂಬರ್ 21ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ಸಮರ್ಪಣೆಯ ಹಬ್ಬವನ್ನು ಆಚರಿಸುತ್ತದೆ. ಈ ಹಬ್ಬದ ಹಿಂದಿರುವ ಸಂಗತಿ ಬೈಬಲಿನಲ್ಲಿ ಇಲ್ಲ. ಎರಡನೆಯ ಶತಮಾನದಲ್ಲಿ ಯಕೋಬನ ಹೆಸರಿನಲ್ಲಿ ಬರೆಯಲಾದ ಒಂದು ಹಳೆಯ ಗ್ರಂಥದಿಂದ ಅದು ನಮ್ಮ ಪರಂಪರೆಗೆ ಬಂದಿದೆ. ಜ್ವಾಕೀಮ ಮತ್ತು ಅನ್ನಮ್ಮ ದಂಪತಿಗೆ ಬಹುಕಾಲ ಮಕ್ಕಳಿರಲಿಲ್ಲ. ಕಡೆಗೆ ಹುಟ್ಟಿದ ಮಗಳನ್ನು ದೇವರಿಗೆ ಒಪ್ಪಿಸುತ್ತೇವೆಂದು ಅವರು ಹರಕೆ ಹೊತ್ತಿದ್ದರು. ಮಗುವಿಗೆ ಎರಡು ವರ್ಷವಾದಾಗ ತಂದೆ ಜೆರುಸಲೇಮಿಗೆ ಕರೆದೊಯ್ಯೋಣವೆಂದರೆ, ಇನ್ನೊಂದು ವರ್ಷ ತಾಳೋಣ, ಮಗು ಅಪ್ಪ ಅಮ್ಮನನ್ನು ಹುಡುಕುವಂತಾಗಬಾರದು ಎಂದು ತಾಯಿ ತಡೆಯುತ್ತಾಳೆ. ಮೂರು ತುಂಬಿದಾಗ ಕರೆದೊಯ್ಯುತ್ತಾರೆ. ಮಗು ಹಿಂದಿರುಗಿ ನೋಡದಿರಲೆಂದು ನೆರೆಯ ಹೆಣ್ಣುಮಕ್ಕಳು ದೀಪ ಹಿಡಿದು ಜೊತೆಗೆ ನಡೆಯುತ್ತಾರೆ. ಯಾಜಕರು ಮಗುವನ್ನು ಪೀಠದ ಮೂರನೆಯ ಮೆಟ್ಟಿಲ ಮೇಲೆ ಕೂರಿಸುತ್ತಾರೆ. ಆಕೆ ಅಲ್ಲಿ ಪುಟ್ಟ ಕಾಲುಗಳಿಂದ ಕುಣಿಯುತ್ತಾಳೆ.

ಚರಿತ್ರೆಯ ದೃಷ್ಟಿಯಿಂದ ಈ ಕಥೆಗೆ ಪುರಾವೆ ಇಲ್ಲದಿರಬಹುದು. ಆದರೆ ಇದನ್ನು ಬರೆದವರಿಗೆ ತಾಯಿಯ ಕರುಳು ಗೊತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಜೂನ್ ತಿಂಗಳಿನಲ್ಲಿ ನಮ್ಮ ಯಾವುದೇ ಬಸ್ ನಿಲ್ದಾಣದಲ್ಲಿ ನಿಂತರೆ ಅನ್ನಮ್ಮನಂಥ ತಾಯಂದಿರನ್ನು ನಾವು ಕಾಣಬಹುದು. ಒಂದು ಕೈಯಲ್ಲಿ ತಗಡಿನ ಟ್ರಂಕು, ಇನ್ನೊಂದು ಕೈಯಲ್ಲಿ ಮಗಳ ಕೈ, ಸೆರಗಿನಲ್ಲಿ ಕಟ್ಟಿಕೊಂಡ ಬಸ್ ಚಾರ್ಜು. ಮಗಳನ್ನು ಹಾಸ್ಟೆಲಿಗೆ ಬಿಡಲು ಹೊರಟವರು ಅವರು. ಈ ಹಬ್ಬದ ನೆಪದಲ್ಲಿ ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಗಳು ನಡೆದು ಬಂದ ಹಾದಿಯನ್ನು ಸ್ವಲ್ಪ ಹಿಂದಿರುಗಿ ನೋಡೋಣ.

ನಾವು ಈ ನೋಟವನ್ನು ರಾರಾವಿಯಿಂದ ಆರಂಭಿಸಬಹುದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಈ ಊರು ವೇದಾವತಿಯ ದಂಡೆಯ ಮೇಲಿದೆ. ಹಗರಿ ಎಂದು ನಾವು ಕರೆಯುವ ಈ ಹೊಳೆ ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಸಿರುಗುಪ್ಪದಿಂದ ಆದವಾನಿಗೆ ಹೋಗುವ ದಾರಿ ಇಲ್ಲಿ ಹೊಳೆಯನ್ನು ದಾಟುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆದ್ದರಿಂದ ಈ ಸೀಮೆಯ ಜನರಿಗೆ ಕನ್ನಡ ತೆಲುಗು ಎರಡೂ ಮನೆಮಾತು. ಅದೇ ಕಾಲಕ್ಕೆ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ಕಪ್ಪು ನೆಲದಲ್ಲಿ ಭತ್ತ ತೂಗಿತು. ಸಿರುಗುಪ್ಪ ಇಂದು ಭತ್ತದ ನಾಡೆಂದೇ ಹೆಸರಾಗಿದೆ.

ನೀರು ಬಂದಷ್ಟು ಬೇಗ ಅಕ್ಷರ ಬರಲಿಲ್ಲ. 2001ರ ಜನಗಣತಿಯ ಪ್ರಕಾರ ಬಳ್ಳಾರಿ ಜಿಲ್ಲೆಯ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. 2011ರ ಹೊತ್ತಿಗೆ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇಕಡಾ 58ರಷ್ಟಾಯಿತು. ಅದೇ ವರ್ಷ ಇಡೀ ಕರ್ನಾಟಕದ ಮಹಿಳಾ ಸಾಕ್ಷರತೆ ಶೇಕಡಾ 68 ಇತ್ತು. ನಾಟಿ, ಕಳೆ, ಕೊಯ್ಲು ಎಲ್ಲಕ್ಕೂ ಕೈ ಬೇಕು. ತಾಯಿ ಕೂಲಿಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೊಬ್ಬಳು ಬೇಕು. ಆ ಒಬ್ಬಳು ಯಾವಾಗಲೂ ಮನೆಯ ಹಿರಿಯ ಮಗಳೇ ಆಗಿರುತ್ತಾಳೆ.

ಇಂಥ ಮನೆಯ ಹುಡುಗಿಗೆ ಊರಿನ ಶಾಲೆ ಇದ್ದರೂ ಇಲ್ಲದಂತೆಯೇ. ಹೆಸರು ಹಾಜರಿಯಲ್ಲಿರುತ್ತದೆ, ಹುಡುಗಿ ಹೊಲದಲ್ಲಿರುತ್ತಾಳೆ. ಆಕೆ ಓದಬೇಕಾದರೆ ಕೆಲವು ವರ್ಷ ಮನೆಯಿಂದ ಹೊರಗೆ ಇರಬೇಕು ಎಂಬ ಸತ್ಯವನ್ನು ನಮ್ಮ ಹಿರಿಯರು ನೂರೈವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು.

ಆಗ ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1800ರಲ್ಲಿ ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಭಾಗವಿದು. ಊರಿನಲ್ಲಿ ದೊಡ್ಡ ದಂಡು ಇತ್ತು. ಲಂಡನ್ ಮಿಷನ್ನಿನ ಪ್ರೊಟೆಸ್ಟೆಂಟ್ ಬೋಧಕ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು. ಅವರೂ ಅವರ ಸಂಗಡಿಗರೂ ಶ್ರಮಿಸಿದ ಕನ್ನಡ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿಯೇ ಮುದ್ರಣವಾಯಿತು. ಕನ್ನಡದಲ್ಲಿ ಪುಸ್ತಕವೇನೋ ಬಂತು, ಆದರೆ ಅದನ್ನು ಬಿಡಿಸಿ ಓದಬಲ್ಲ ಹೆಂಗಸರು ಬೆರಳೆಣಿಕೆಯಷ್ಟು. ಹೆಣ್ಣುಮಕ್ಕಳಿಗೆ ಕಲಿಸದೆ ಮನೆಗಳಲ್ಲಿ ಓದು ನೆಲೆಸದು ಎಂಬುದು ಎಲ್ಲ ಸಭೆಗಳ ಬೋಧಕರಿಗೂ ಬೇಗನೆ ಅರಿವಾಯಿತು.

ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡವರು ಕನ್ಯಾಸ್ತ್ರೀಯರು. ಸಂತ ಮೇರಿ ಯುಫ್ರೇಷಿಯಾ ಅವರು ಫ್ರಾನ್ಸಿನ ಆಂಜೆ ನಗರದಲ್ಲಿ ಕಟ್ಟಿದ ಗುಡ್ ಶೆಫರ್ಡ್ ಸಭೆಯ ಸಿಸ್ಟರುಗಳು 1854ರಲ್ಲಿ ಬೆಂಗಳೂರಿಗೆ ಬಂದರು. 1870ರ ನವೆಂಬರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಮಂಗಳೂರಿನಲ್ಲಿ ಇಳಿದು ಸಂತ ಆ್ಯನ್ಸ್ ಕಾನ್ವೆಂಟಿನಲ್ಲಿ ಶಾಲೆ ನಡೆಸಿದರು. ಅದೇ ಸಭೆಯವರು 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದಾಗ, ಪಶ್ಚಿಮ ಕರಾವಳಿಯ ಹುಡುಗಿಯರಿಗೆ ಮೊದಲ ಬಾರಿಗೆ ತಮ್ಮದೇ ಆದ ಕಾಲೇಜು ಸಿಕ್ಕಿತು. ಹೀಗೆ ಕಾನ್ವೆಂಟು ಇದ್ದಲ್ಲಿ ಶಾಲೆ, ಶಾಲೆ ಇದ್ದಲ್ಲಿ ಬೋರ್ಡಿಂಗು ಎಂಬುದು ರೂಢಿಯಾಯಿತು. ಬಳ್ಳಾರಿ ನಗರದಲ್ಲಿಯೂ ಸಂತ ಫಿಲೋಮಿನಾ ಶಾಲೆಯ ಹೆಸರು ಕೇಳದ ಕಥೋಲಿಕ ಕುಟುಂಬವಿಲ್ಲ. ಮುಂದೆ 1928ರಲ್ಲಿ ಬಳ್ಳಾರಿ ಮಿಷನ್ ಮದರಾಸಿನಿಂದ ಬೇರೆಯಾಗಿ, 1949ರಲ್ಲಿ ಧರ್ಮಕ್ಷೇತ್ರವಾದ ಮೇಲೆ ಹಳ್ಳಿಗಳತ್ತ ಗಮನ ಹೆಚ್ಚಿತು.

ಇದರ ನಡುವೆ ನಾವು ಮರೆಯಬಾರದ ಒಂದು ಕಾಲವಿದೆ. ಅದು 1876ರಿಂದ 1878ರವರೆಗಿನ ಮಹಾಕ್ಷಾಮ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಧಾತು ಈಶ್ವರದ ಬರ ಎಂದು ಹಿರಿಯರು ನೆನೆಯುತ್ತಿದ್ದರು. ಬಳ್ಳಾರಿ ಸೀಮೆ ಅದರ ಹೊಡೆತಕ್ಕೆ ನೇರವಾಗಿ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ತಂದೆ ತಾಯಿ ಕಳೆದುಕೊಂಡ ಮಕ್ಕಳನ್ನು ಮಿಷನ್ನುಗಳು ಎತ್ತಿಕೊಂಡವು. ಆ ದಿನಗಳ ಅನಾಥಾಲಯಗಳಲ್ಲಿ ಎಷ್ಟೋ ಮುಂದೆ ಬೋರ್ಡಿಂಗ್ ಶಾಲೆಗಳಾಗಿ ಬೆಳೆದವು. ಹಸಿದ ಮಗುವಿಗೆ ಗಂಜಿ ಕೊಡುವುದು ಮೊದಲ ಕೆಲಸವಾಗಿತ್ತು, ಸ್ಲೇಟು ಬಳಪ ಕೊಟ್ಟದ್ದು ಆಮೇಲೆ. ನಮ್ಮಲ್ಲಿ ಕೆಲವು ಹಳೆಯ ಕುಟುಂಬಗಳ ಬೇರು ಹುಡುಕಿದರೆ ಅದು ಇಂಥದೊಂದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆ ಮನೆಗಳೊಳಗಿನ ಬದುಕು ಹೇಗಿತ್ತು? ಬೋರ್ಡಿಂಗಿನಲ್ಲಿ ಬೆಳೆದ ನಮ್ಮ ಅಜ್ಜಿಯರು, ತಾಯಂದಿರು ಹೇಳುವುದನ್ನು ಕೇಳಿದರೆ ಎಲ್ಲ ಊರುಗಳ ಕಥೆಯೂ ಒಂದೇ ರೀತಿ ಇರುತ್ತದೆ. ಮೊದಲು ಅವರಿಗೆ ನೆನಪಾಗುವುದು ಗಂಟೆ. ಬೆಳಕು ಹರಿಯುವ ಮುಂಚೆ ಗಂಟೆ, ಚಾಪೆ ಸುತ್ತಿಡಲು ಗಂಟೆ, ಪೂಜೆಗೆ ಗಂಟೆ, ಊಟಕ್ಕೆ ಗಂಟೆ, ದೀಪ ಆರಿಸಲು ಗಂಟೆ. ಬಾವಿಯಿಂದ ನೀರು ಸೇದುವುದು ಸರದಿಯ ಕೆಲಸ. ದೊಡ್ಡ ಹುಡುಗಿಯೊಬ್ಬಳ ಕೈಗೆ ಚಿಕ್ಕವಳೊಬ್ಬಳನ್ನು ಒಪ್ಪಿಸುತ್ತಿದ್ದರು. ಚಿಕ್ಕವಳ ತಲೆಗೆ ಎಣ್ಣೆ ಹಚ್ಚಿ, ಹೇನು ತೆಗೆದು, ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುವುದು ಆಕೆಯ ಪಾಲು. ಹೀಗೆ ಸಿಕ್ಕಿದ ಅಕ್ಕನನ್ನು ಎಂಬತ್ತರ ವಯಸ್ಸಿನಲ್ಲಿಯೂ ಅಕ್ಕ ಎಂದೇ ಕರೆಯುವವರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ.

ಸಂಜೆ ಜಪಸರ, ಆಮೇಲೆ ಕಂದೀಲಿನ ಸುತ್ತ ಕೂತು ಓದು. ಹೊಲಿಗೆ, ಕಸೂತಿ, ಅಡಿಗೆ, ತೋಟದ ಕೆಲಸ ಎಲ್ಲವೂ ಕಲಿಕೆಯ ಭಾಗ. ಊಟ ಸರಳ. ಒಣ ಸೀಮೆಯಲ್ಲಿ ರೊಟ್ಟಿ ಪಲ್ಯ, ನೀರಾವರಿ ಸೀಮೆಯಲ್ಲಿ ಅನ್ನ ಸಾರು, ಹಬ್ಬಕ್ಕೆ ಪಾಯಸ. ತಿಂಗಳಿಗೊಂದು ಭಾನುವಾರ ಮನೆಯವರು ಬಂದರೆ ಬುತ್ತಿಯ ಗಂಟು ಬಿಚ್ಚಿಕೊಳ್ಳುತ್ತಿತ್ತು. ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಮಂಡಕ್ಕಿ, ಬೆಲ್ಲದ ಉಂಡೆ. ಯಾರ ಮನೆಯವರು ಬರಲಿಲ್ಲವೋ ಅವರಿಗೂ ಒಂದು ಪಾಲು ಹೋಗುತ್ತಿತ್ತು. ಹಂಚಿ ತಿನ್ನುವ ಪಾಠವನ್ನು ಜ್ಞಾನೋಪದೇಶದ ಪುಸ್ತಕಕ್ಕಿಂತ ಈ ಬುತ್ತಿ ಚೆನ್ನಾಗಿ ಕಲಿಸಿತು.

ಹಾಗೆಂದು ಎಲ್ಲವೂ ಸವಿಯಾಗಿತ್ತೆಂದು ಹೇಳಿದರೆ ನಾವು ಸತ್ಯಕ್ಕೆ ದ್ರೋಹ ಮಾಡಿದಂತೆ. ಮೊದಲ ವಾರಗಳ ರಾತ್ರಿಗಳಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತವರ ಲೆಕ್ಕವಿಲ್ಲ. ಕಾಗದಗಳನ್ನು ಒಡೆದು ಓದಿದ ನಂತರವೇ ಕೈಗೆ ಕೊಡುತ್ತಿದ್ದರು. ಶಿಸ್ತಿನ ಹೆಸರಿನಲ್ಲಿ ಬೆತ್ತವೂ ಇತ್ತು. ಬ್ರಿಟಿಷರ ಕಾಲದ ದಂಡಿನ ಊರುಗಳಲ್ಲಿ ಯುರೋಪಿನವರ ಮಕ್ಕಳಿಗೆ ಒಂದು ಕೋಣೆ, ನಮ್ಮ ಮಕ್ಕಳಿಗೆ ಇನ್ನೊಂದು ಎಂಬ ಭೇದ ನಡೆದಿತ್ತು. ಜಾತಿಯ ನೆರಳು ಕೂಡ ಊಟದ ಸಾಲಿನವರೆಗೆ ಬಂದು ಕೂತದ್ದುಂಟು. ಒಂದೇ ಪರಮಪ್ರಸಾದ ಸ್ವೀಕರಿಸಿದವರು ಒಂದೇ ಪಂಕ್ತಿಯಲ್ಲಿ ಕೂಡಲು ಹಿಂಜರಿದರೆ ಅದನ್ನು ಪಾಪವೆಂದು ಹೇಳದೆ ಇನ್ನೇನೆಂದು ಹೇಳೋಣ? ಬೋರ್ಡಿಂಗುಗಳ ಉಪಕಾರವನ್ನು ನೆನೆಯುವಾಗ ಈ ಲೋಪವನ್ನೂ ನೆನೆಯುವುದು ನಮ್ಮ ಕರ್ತವ್ಯ.

ಹೆಣ್ಣುಮಕ್ಕಳಿಗೆ ವಸತಿ ಕಲ್ಪಿಸುವ ಕೆಲಸ ನಮ್ಮವರಿಂದ ಮಾತ್ರ ಆದದ್ದಲ್ಲ. ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲ ಮತ್ತು ಅವರ ಪತ್ನಿ ನಾಗಮ್ಮತಾಯಿ ಗಾಂಧೀಜಿಯವರ ಪ್ರೇರಣೆಯಿಂದ ಹರಿಜನ ಬಾಲಕಿಯರಿಗಾಗಿ ಆಶ್ರಮ ನಡೆಸಿದರು. ಸ್ವಾತಂತ್ರ್ಯಾನಂತರ ಸರ್ಕಾರವು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗೆ ಹಾಸ್ಟೆಲುಗಳನ್ನು ತೆರೆಯಿತು. 1989ರಿಂದ ಮಹಿಳಾ ಸಮಾಖ್ಯಾ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ ಬೇರೂರಿತು. ಶಾಲೆ ಬಿಟ್ಟ ಹುಡುಗಿಯರನ್ನು ಒಂದೆಡೆ ಇರಿಸಿ ಕಲಿಸುವ ಮಹಿಳಾ ಶಿಕ್ಷಣ ಕೇಂದ್ರಗಳು ಹುಟ್ಟಿದ್ದು ಅದರಿಂದ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 1982ರಲ್ಲಿಯೇ ಮಾಡಿತ್ತು. ಆದರೆ ಬಳ್ಳಾರಿ ಸೀಮೆಯ ಬಡ ದಲಿತ ಮನೆಗಳಲ್ಲಿ ಮುತ್ತು ಕಟ್ಟುವ ಭಯ ಕಾನೂನಿನಿಂದ ಮಾತ್ರ ತೊಲಗಲಿಲ್ಲ. ಊರಿನ ಕಣ್ಣಿನಿಂದ ದೂರ, ಪುಸ್ತಕದ ಹತ್ತಿರ ಇದ್ದ ಹುಡುಗಿಗೆ ಆ ಭಯ ಕಡಿಮೆಯಾಯಿತು.

ಇನ್ನೊಂದು ಕಷ್ಟವೂ ಇತ್ತು. 1990ರ ದಶಕದಿಂದ ಹೈಬ್ರಿಡ್ ಹತ್ತಿ ಬೀಜ ಬೆಳೆಸುವ ಹೊಲಗಳು ಆಂಧ್ರದಲ್ಲಿಯೂ ನಮ್ಮ ಕಡೆಯೂ ಹಬ್ಬಿದವು. ಅಲ್ಲಿ ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ ಪರಾಗ ಸವರಬೇಕು. ಆ ಕೆಲಸಕ್ಕೆ ಪುಟ್ಟ ಬೆರಳು ಬೇಕೆಂದು, ಕೂಲಿಯೂ ಕಡಿಮೆಯೆಂದು ಹುಡುಗಿಯರನ್ನೇ ಕರೆದೊಯ್ದರು. ತಂದೆ ಮುಂಗಡ ಪಡೆದರೆ ಮಗಳು ತಿಂಗಳುಗಟ್ಟಲೆ ಹೂವಿನ ಸಾಲಿನಲ್ಲಿ ನಿಲ್ಲಬೇಕು, ಸಿಂಪಡಿಸಿದ ಔಷಧಿಯನ್ನು ಉಸಿರಾಡಬೇಕು. ಇಂಥ ಮಕ್ಕಳನ್ನು ಮರಳಿ ತರಲು ಸರ್ಕಾರ ‘ಚಿಣ್ಣರ ಅಂಗಳ’, ‘ಕೂಲಿಯಿಂದ ಶಾಲೆಗೆ’ ಎಂಬ ಕಾರ್ಯಕ್ರಮಗಳನ್ನು ನಡೆಸಿತು. ಮತ್ತೆ ಹೊಲಕ್ಕೆ ಹೋಗದಂತೆ ತಡೆಯಬೇಕಾದರೆ ಮಗು ಇರಲು ಒಂದು ಜಾಗ ಬೇಕು ಎಂಬುದು ಅಲ್ಲಿಯೂ ಸ್ಪಷ್ಟವಾಯಿತು.

2004ರಲ್ಲಿ ಕೇಂದ್ರ ಸರ್ಕಾರ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆಯನ್ನು ತಂದಿತು. ಮೊದಲ ಹಂತದಲ್ಲಿ ದೇಶದಾದ್ಯಂತ 750 ವಸತಿ ಶಾಲೆಗಳ ಗುರಿ. ಹೆಣ್ಣುಮಕ್ಕಳ ಸಾಕ್ಷರತೆಯಲ್ಲಿ ಹಿಂದುಳಿದ ಸಿರುಗುಪ್ಪದಂಥ ಗ್ರಾಮೀಣ ತಾಲ್ಲೂಕುಗಳಿಗೆಂದೇ ರೂಪಿಸಿದ ಯೋಜನೆ ಇದು. 6ರಿಂದ 8ನೇ ತರಗತಿಯವರೆಗೆ, ಒಂದೊಂದರಲ್ಲಿ 50 ಅಥವಾ 100 ಹುಡುಗಿಯರು. ಶೇಕಡಾ 75ರಷ್ಟು ಸ್ಥಾನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಮಕ್ಕಳಿಗೆ, ಉಳಿದ 25 ಬಡತನದ ರೇಖೆಯ ಕೆಳಗಿನ ಮನೆಗಳಿಗೆ. ಆರಂಭದ ನಿಯಮದಂತೆ ಒಬ್ಬ ಹುಡುಗಿಯ ಖರ್ಚಿಗೆ ತಿಂಗಳಿಗೆ 750 ರೂಪಾಯಿ, ಜೊತೆಗೆ 50 ರೂಪಾಯಿ ಭತ್ಯೆ. ದಿನಕ್ಕೆ 25 ರೂಪಾಯಿಯಲ್ಲಿ ಊಟ ತಿಂಡಿ ತೂಗಿಸಬೇಕಾದ ವಾರ್ಡನ್ನರ ಕಷ್ಟ ನಮ್ಮ ಮನೆಗಳ ಗೃಹಿಣಿಯರಿಗೆ ಬೇಗನೆ ಅರ್ಥವಾಗುತ್ತದೆ.

ಯೋಜನೆಗೆ ಇಟ್ಟ ಹೆಸರಿನ ಬಗ್ಗೆ ನಾವು ಒಂದು ಕ್ಷಣ ಯೋಚಿಸಬೇಕು. ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಪೋರಬಂದರಿನಲ್ಲಿ. ಹದಿಮೂರರ ಆಸುಪಾಸಿನಲ್ಲಿ ಮದುವೆಯಾಯಿತು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮುಂದೆ ಕಷ್ಟಪಟ್ಟು ಕಲಿತದ್ದು ಸ್ವಲ್ಪವೇ. 1944ರ ಫೆಬ್ರುವರಿ 22ರಂದು ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧನದಲ್ಲಿರುವಾಗಲೇ ತೀರಿಕೊಂಡರು. ಶಾಲೆ ಕಾಣದೆ, ಎಳೆ ವಯಸ್ಸಿನಲ್ಲಿ ಮದುವೆಯಾದ ಆ ತಾಯಿಯ ಹೆಸರಿನಲ್ಲಿ, ಅದೇ ವಯಸ್ಸಿನ ಹುಡುಗಿಯರನ್ನು ಮದುವೆಯಿಂದ ಉಳಿಸಿ ಓದಿಸುವ ಶಾಲೆ ನಡೆಯುತ್ತಿದೆ. ಇದಕ್ಕಿಂತ ಸೂಕ್ತವಾದ ಹೆಸರು ಸಿಗಲಾರದು.

ಈ ಮನೆಗಳಲ್ಲಿಯೂ ಹಳೆಯ ಬೋರ್ಡಿಂಗಿನ ಬದುಕೇ ಹೊಸ ವೇಷದಲ್ಲಿ ಕಾಣುತ್ತದೆ. ಕಂದೀಲಿನ ಬದಲು ಟ್ಯೂಬ್ ಲೈಟು, ಬಾವಿಯ ಬದಲು ನಲ್ಲಿ, ಚಾಪೆಯ ಬದಲು ಮಂಚ. ಗಂಟೆ ಅದೇ, ಎರಡು ಜಡೆ ಅದೇ, ಸಂಜೆ ಗೇಟಿನ ಕಡೆ ನೋಡುವ ಕಣ್ಣು ಅದೇ. ಆದರೆ ಒಂದು ದೊಡ್ಡ ಕೊರತೆ ಇತ್ತು. 8ನೇ ತರಗತಿ ಮುಗಿದ ದಿನ ಹುಡುಗಿ ಟ್ರಂಕು ಹೊತ್ತು ಹೊರಡಬೇಕಿತ್ತು. ಆಗ ಆಕೆಗೆ ಹದಿಮೂರೋ ಹದಿನಾಲ್ಕೋ ವರ್ಷ.

ಇಲ್ಲಿ ನಮಗೆ ಹಬ್ಬದ ಕಥೆಯ ಉಳಿದ ಭಾಗ ನೆನಪಾಗುತ್ತದೆ. ಮರಿಯಮ್ಮನವರಿಗೆ ಹನ್ನೆರಡು ತುಂಬಿದಾಗ ಯಾಜಕರು ಸಭೆ ಸೇರಿದರು ಎಂದು ಆ ಗ್ರಂಥ ಹೇಳುತ್ತದೆ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಇನ್ನು ದೇವಾಲಯದಲ್ಲಿ ಇರುವಂತಿಲ್ಲ, ಏನು ಮಾಡೋಣ ಎಂಬುದು ಅವರ ಚಿಂತೆ. ಕಡೆಗೆ ಜೋಸೆಫರ ಕೈಗೆ ಆಕೆಯನ್ನು ಒಪ್ಪಿಸಿದರು. ಅಂದಿನ ಯಾಜಕರು ಕೇಳಿದ ಪ್ರಶ್ನೆಯನ್ನೇ ನಮ್ಮ ಹಳ್ಳಿಗಳು ಇಂದಿಗೂ ಕೇಳುತ್ತವೆ. ದೊಡ್ಡವಳಾದಳು, ಇನ್ನು ಏನು ಮಾಡೋಣ? ಎಲ್ಲ ಹುಡುಗಿಯರಿಗೂ ಜೋಸೆಫರಂಥ ನೀತಿವಂತರು ಸಿಗುವುದಿಲ್ಲ. ಹೈಸ್ಕೂಲು ಪಕ್ಕದ ಊರಿನಲ್ಲಿದೆ, ಬಸ್ಸು ಹೊತ್ತಿಗೆ ಬರುವುದಿಲ್ಲ, ಯಾರಾದರೂ ಏನಾದರೂ ಅಂದಾರು ಎಂಬ ಅಂಜಿಕೆ. ಸೋದರಮಾವ ಸಿದ್ಧನಿರುತ್ತಾನೆ. ಹೀಗೆ ಮೂರು ವರ್ಷ ಓದಿದ ಮಗುವಿನ ಕಥೆ ಒಂದೇ ಬೇಸಿಗೆಯಲ್ಲಿ ಮುಗಿಯುತ್ತದೆ.

ಈ ಕೊರತೆಯನ್ನು ತುಂಬಲು ಹಂತ ಹಂತವಾಗಿ ಪ್ರಯತ್ನಗಳಾದವು. 2006-07ರಿಂದ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುವ ದೃಶ್ಯವನ್ನು ಮೊದಲ ಬಾರಿಗೆ ಕಂಡ ಹಳ್ಳಿಗಳೆಷ್ಟೋ. 2008-09ರಲ್ಲಿ 9ರಿಂದ 12ನೇ ತರಗತಿಯ ಹುಡುಗಿಯರಿಗಾಗಿ 100 ಮಂದಿಯ ಹಾಸ್ಟೆಲುಗಳ ಯೋಜನೆ ಬಂತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕಿನ ಕಾಯ್ದೆ ಜಾರಿಯಾಯಿತು, ಆದರೆ ಅದರ ಮಿತಿಯೂ 14 ವರ್ಷವೇ. 2018ರಲ್ಲಿ ಸಮಗ್ರ ಶಿಕ್ಷಾ ಯೋಜನೆ ಬಂದ ಮೇಲೆ ಕಸ್ತೂರಬಾ ವಿದ್ಯಾಲಯಗಳನ್ನು 12ನೇ ತರಗತಿಯವರೆಗೆ ವಿಸ್ತರಿಸಲು ಅವಕಾಶವಾಯಿತು. ಹದಿನಾಲ್ಕಕ್ಕೆ ಮುಚ್ಚುತ್ತಿದ್ದ ಬಾಗಿಲು ಹದಿನೆಂಟರವರೆಗೆ ತೆರೆದಿರಲಿ ಎಂಬ ಆಶಯ ಅದರ ಹಿಂದಿತ್ತು.

2020ರ ಮಾರ್ಚಿನಲ್ಲಿ ಕೊರೋನಾ ಬಂತು. ಹಾಸ್ಟೆಲುಗಳು ರಾತ್ರೋರಾತ್ರಿ ಖಾಲಿಯಾದವು, ತಿಂಗಳುಗಟ್ಟಲೆ ಬೀಗ ಬಿತ್ತು. ಪಾಠ ಮೊಬೈಲಿಗೆ ಬಂತು ಎಂದರು, ಮನೆಯಲ್ಲಿ ಇದ್ದ ಒಂದು ಮೊಬೈಲು ಅಣ್ಣನ ಕೈಯಲ್ಲಿತ್ತು. ಮತ್ತೆ ಬಾಗಿಲು ತೆರೆದಾಗ ಕೆಲವು ಮಂಚಗಳು ಖಾಲಿ ಉಳಿದವು. ಆ ಹುಡುಗಿಯರು ಎಲ್ಲಿ ಹೋದರೆಂದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಗೋಡೆ, ಗೇಟು, ಗಂಟೆ ಇವು ಹುಡುಗಿಯನ್ನು ಎಷ್ಟರ ಮಟ್ಟಿಗೆ ಕಾಯುತ್ತಿದ್ದವು ಎಂಬುದು ನಮಗೆ ತಿಳಿದದ್ದು ಅವು ಇಲ್ಲವಾದಾಗ.

ಪ್ರಿಯ ಕುಟುಂಬಗಳೇ, ಇಷ್ಟು ದೂರ ಬಂದ ಮೇಲೆ ನಮ್ಮ ಮನೆಯ ಮಾತಿಗೆ ಬರೋಣ. ಒಂದು ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಬೋರ್ಡಿಂಗು ಬೇಕಾಗಿತ್ತು. ಅವರಲ್ಲಿ ಹಲವರು ಶಿಕ್ಷಕಿಯರಾದರು, ನರ್ಸುಗಳಾದರು, ಕನ್ಯಾಸ್ತ್ರೀಯರಾದರು. ಅವರ ಸಂಬಳದಿಂದ ತಮ್ಮಂದಿರು ಓದಿದರು, ಮನೆಗಳು ಎದ್ದವು. ಈಗ ನಮ್ಮಲ್ಲಿ ಹೆಚ್ಚಿನವರು ಪೇಟೆಗಳಲ್ಲಿದ್ದೇವೆ, ಶಾಲೆಯ ವ್ಯಾನು ಮನೆಯ ಮುಂದೆ ನಿಲ್ಲುತ್ತದೆ. ಕಾನ್ವೆಂಟುಗಳ ಹಳೆಯ ಬೋರ್ಡಿಂಗುಗಳು ಹಲವೆಡೆ ಮುಚ್ಚಿವೆ. ನಮಗೆ ಬೇಡವಾದ ಕೂಡಲೇ ಅದರ ಅಗತ್ಯವೇ ಮುಗಿಯಿತೆಂದು ನಾವು ಭಾವಿಸಬಾರದು. ಹಗರಿಯ ದಂಡೆಯ ಭತ್ತದ ಗದ್ದೆಯಲ್ಲಿ ಇಂದು ನಾಟಿ ಹಾಕುತ್ತಿರುವ ಹುಡುಗಿಗೆ ಅದು ಬೇಕಾಗಿದೆ. ಆಕೆ ನಮ್ಮ ಧರ್ಮಕೇಂದ್ರದವಳು ಆಗಿರಬೇಕೆಂದೇನೂ ಇಲ್ಲ.

ಭಾರತದ ಧರ್ಮಸಭೆಯು ಸೆಪ್ಟೆಂಬರ್ 8ನ್ನು, ಅಂದರೆ ಮರಿಯಮ್ಮನವರ ಜನನದ ಹಬ್ಬವನ್ನು, ಹೆಣ್ಣುಮಗುವಿನ ದಿನವಾಗಿಯೂ ಆಚರಿಸುತ್ತದೆ. ಅಂದು ನಾವು ಹೂವು ಅರ್ಪಿಸುತ್ತೇವೆ, ಹೊಸ ತೆನೆ ಹಂಚುತ್ತೇವೆ. ನವೆಂಬರಿನ ಈ ಹಬ್ಬದಲ್ಲಿ ಇನ್ನೊಂದು ಕೆಲಸ ಮಾಡೋಣ. ನಮ್ಮ ಬೀದಿಯಲ್ಲಿ, ನಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿಯ ಮನೆಯಲ್ಲಿ, ಏಳನೆಯ ಎಂಟನೆಯ ತರಗತಿಯ ಹುಡುಗಿ ಇದ್ದಾಳೆಯೇ ಎಂದು ಕೇಳೋಣ. ಮುಂದಿನ ಜೂನ್‌ನಲ್ಲಿ ಆಕೆ ಎಲ್ಲಿ ಓದುತ್ತಾಳೆ, ಎಲ್ಲಿ ಉಳಿಯುತ್ತಾಳೆ ಎಂದು ವಿಚಾರಿಸೋಣ. ಹಾಸ್ಟೆಲಿನ ಅರ್ಜಿ ತುಂಬಲು, ಜಾತಿ ಆದಾಯ ಪತ್ರ ಮಾಡಿಸಲು ಜೊತೆಗೆ ಹೋಗುವುದು ದೊಡ್ಡ ದಾನವೇನಲ್ಲ, ಅರ್ಧ ದಿನದ ಕೆಲಸ. ಬೇಸಿಗೆ ರಜೆಯಲ್ಲಿ ಮನೆಗೆ ಬಂದ ಹುಡುಗಿ ಜೂನ್‌ನಲ್ಲಿ ಮರಳಿ ಹೋದಳೇ ಎಂದು ನೋಡುವುದು ಅದಕ್ಕಿಂತಲೂ ಮುಖ್ಯ.

ಮೂರು ವರ್ಷದ ಮಗು ದೇವಾಲಯಕ್ಕೆ ನಡೆಯುವಾಗ ನೆರೆಯ ಹೆಣ್ಣುಮಕ್ಕಳು ದೀಪ ಹಿಡಿದು ಜೊತೆಗೆ ಬಂದರು ಎಂದು ಕಥೆ ಹೇಳುತ್ತದೆ. ಟ್ರಂಕು ಹೊತ್ತು ಬಸ್ಸಿಗೆ ಕಾಯುವ ನಮ್ಮ ನಾಡಿನ ಮಕ್ಕಳ ಜೊತೆಗೂ ಯಾರಾದರೂ ನಡೆಯಬೇಕು. ಮಗಳನ್ನು ಕಳುಹಿಸಿಕೊಟ್ಟ ಸಂತ ಅನ್ನಮ್ಮನವರು ಎಲ್ಲ ತಾಯಂದಿರಿಗೂ ಧೈರ್ಯ ಕೊಡಲಿ. ಮಾತೆ ಮರಿಯಮ್ಮನವರು ಈ ಮಕ್ಕಳನ್ನು ಹರಸಲಿ.